ಎರಡನೇ ಸಾಲಿನ ಪಿಟೀಲು

ಅವನು ಪತ್ರಿಕೆಯೊಂದಕ್ಕೆ ಸ್ಪೀಕರ್‌ಗಳ ವಿಮರ್ಶೆ ಬರೆಯುತ್ತಿದ್ದ. ಆ ವಾರ ಮನೆಗೆ ಬಂದ ಜೋಡಿ ಆಳೆತ್ತರ ಇತ್ತು. ಭಾವಮೈದುನನ ಜೊತೆ ಏದುಸಿರು ಬಿಡುತ್ತ ಒಳಗೆ ಹೊತ್ತು ತಂದು, ಸೋಫಾ ಹಿಂದಕ್ಕೆ ಸರಿಸಿ, ಮೊದಲು ಹಾಕಿದ್ದು ಹೆಂಡತಿ ಮದುವೆಗೆ ಮುಂಚೆ ವಾದ್ಯವೃಂದದ ಎರಡನೇ ಸಾಲಿನಲ್ಲಿ ಕೂತು ಪಿಟೀಲು ನುಡಿಸಿದ್ದ ಹಳೆಯ ರೆಕಾರ್ಡ್. ಎಷ್ಟೋ ಸಲ ಕೇಳಿದ್ದರೂ ಅಷ್ಟೊಂದು ಪಿಟೀಲುಗಳ ನಡುವೆ ಅವಳದು ಯಾವುದೆಂದು ಅವನಿಗೆ ತಿಳಿದಿರಲಿಲ್ಲ.

ಈ ಸಲ ಎದುರಿನ ಗೋಡೆಯೇ ಸರಿದು ಸಭಾಂಗಣ ತೆರೆದುಕೊಂಡಂತಿತ್ತು. ಎಡಗಡೆ, ಕಮಾನು ಎಳೆಯುವ ಮುನ್ನ, ಯಾರೋ ಮೆಲ್ಲಗೆ ಉಸಿರೆಳೆದುಕೊಂಡರು. ಅವನು ಅಡುಗೆಮನೆಯತ್ತ ತಿರುಗಿ ಹೆಂಡತಿಯನ್ನು ಕೂಗಿದ.

"ಇಲ್ಲಿ ಬಾರೇ. ನಿನ್ನ ಉಸಿರು ಕೇಳಿಸ್ತಿದೆ."

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು. ಕೇಳಿ ಕಿಸಕ್ಕನೆ ನಕ್ಕಳು. "ಅದು ನಾನಲ್ಲ ರೀ, ನನ್ನ ಪಕ್ಕದಲ್ಲಿದ್ದ ದಪ್ಪ ಮೀಸೆಯೋರು. ಪಾಪ, ಅವತ್ತು ಅವರಿಗೆ ನೆಗಡಿ."

ಅವನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವಳು ಅವನ ತೋಳು ಹಿಡಿದಳು.

"ತಾಳಿ. ಈಗ ಕಿರ್ ಅಂದಿತಲ್ಲ, ಅದು ನನ್ನ ಕುರ್ಚಿ. ಕಾಲು ಜೋಮು ಹಿಡಿದು ಒಂಚೂರು ಅಲ್ಲಾಡಿದ್ದೆ. ನಿರ್ದೇಶಕರು ಹೇಗೆ ದುರುಗುಟ್ಟಿದ್ರು ಗೊತ್ತಾ?"

"ಇನ್ನೊಂದ್ಸಲ ಹಾಕ್ಲಾ?"

"ಹಾಕಿ."

ಸಂಜೆಯೆಲ್ಲ ಇಬ್ಬರೂ ಆ ಕುರ್ಚಿಯ ಸದ್ದನ್ನೇ ಮತ್ತೆ ಮತ್ತೆ ಕೇಳಿದರು. ಅವಳು ಆ ದಿನದ ಕಥೆಯನ್ನೆಲ್ಲ ಹೇಳಿದಳು. ಮರುದಿನ ಅವನು ಒಂದೇ ಉಸಿರಿಗೆ ವಿಮರ್ಶೆ ಬರೆದು ಕಳಿಸಿದ.

ಸಂಪಾದಕರು ಫೋನ್ ಮಾಡಿದರು. "ಕುರ್ಚಿ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದೀರಿ. ಸ್ಪೀಕರ್ ಹೇಗಿದೆ ಅಂತ ಒಂದು ಸಾಲಾದ್ರೂ ಸೇರಿಸ್ತೀರಾ?"