ಏರುತ್ತಲೇ ಹೋದ ಆಯಿಲ್

ಇಂಜಿನ್ ಆಯಿಲ್ ಕಡಿಮೆಯಾಗುವುದನ್ನು ಎಲ್ಲರೂ ನೋಡಿದ್ದಾರೆ. ಜಾಸ್ತಿಯಾಗುವುದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ಮೊದಲ ಸೋಮವಾರ ಇಂಜಿನ್ನಿನ ಅಳತೆ ಕಡ್ಡಿ ಎಳೆದು ನೋಡಿದಾಗ ಆಯಿಲ್ ಎರಡು ಗೆರೆಗಳ ನಡುವೆ ಇತ್ತು. ಮುಂದಿನ ಸೋಮವಾರ ಮೇಲಿನ ಗೆರೆ ಮುಟ್ಟಿತ್ತು. ಮೂರನೆಯ ಸೋಮವಾರ ಗೆರೆ ದಾಟಿ ಒಂದು ಬೆರಳು ಮೇಲೆ ಹೋಗಿತ್ತು. ನಾನು ಒಂದು ತೊಟ್ಟೂ ಹಾಕಿರಲಿಲ್ಲ. ಇದೇನು ಬಾವಿಯೇ, ತಾನಾಗಿ ಒರತೆ ಬರಲು?

ಆ ವ್ಯಾನ್ ನನ್ನ ಅನ್ನ. ಮೂರು ಆಸ್ಪತ್ರೆಗಳಿಂದ ಕೊಳೆಯಾದ ಹಾಸು ಹೊದಿಕೆಗಳನ್ನು ಲಾಂಡ್ರಿಗೆ ಒಯ್ಯುತ್ತೇನೆ, ಒಗೆದದ್ದನ್ನು ಮರಳಿ ಮುಟ್ಟಿಸುತ್ತೇನೆ. ಒಂದು ವಾರ ವ್ಯಾನ್ ನಿಂತರೆ ಕೆಲಸ ಬೇರೆಯವರ ಪಾಲು ಎಂದು ಕರಾರಿನಲ್ಲೇ ಬರೆದಿದೆ. ಹಾಗಾಗಿ ಗಂಡನಿಗೆ ನೆಗಡಿಯಾದರೆ ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ಇಂಜಿನ್ ಕೆಮ್ಮಿದರೆ ನಿದ್ದೆ ಬರುವುದಿಲ್ಲ.

ಇಂಜಿನ್ ವಿಷಯದಲ್ಲಿ ನಮ್ಮ ಮನೆಯ ಸುಪ್ರೀಂ ಕೋರ್ಟ್ ನಮ್ಮ ಮಾವ. ಮೂವತ್ತೆಂಟು ವರ್ಷ ಬಸ್ ಡಿಪೋದಲ್ಲಿ ಮೇಸ್ತ್ರಿಯಾಗಿದ್ದವರು. ಈಗಲೂ ನೆರೆಹೊರೆಯವರಿಗೆಲ್ಲ ಅವರು 'ಮೇಸ್ತ್ರಿ' ಅಷ್ಟೇ. ಪೇಪರ್ ಓದುವುದನ್ನು ಒಂದು ವರ್ಷದಿಂದ ಬಿಟ್ಟಿದ್ದಾರೆ, "ಬರೀ ಸುಳ್ಳು ಬರೀತಾರೆ" ಎನ್ನುತ್ತಾರೆ. ಆದರೆ ದಿನಾ ಬೆಳಿಗ್ಗೆ ನನ್ನ ವ್ಯಾನಿನ ಬಾನೆಟ್ ಎತ್ತುವುದನ್ನು ಬಿಟ್ಟಿಲ್ಲ. ನೋಡುವುದಷ್ಟೇ, ನನ್ನನ್ನು ಕೇಳದೆ ಏನನ್ನೂ ಹಾಕುವಂತಿಲ್ಲ ಎಂದು ನಮ್ಮಿಬ್ಬರ ಒಪ್ಪಂದ. ಆಗಾಗ ನನ್ನ ಜೊತೆ ಸುತ್ತಿಗೂ ಬರುತ್ತಾರೆ. ಆಸ್ಪತ್ರೆ ಬಂದಾಗ ಮಾತ್ರ ವ್ಯಾನಿನಿಂದ ಇಳಿಯುವುದಿಲ್ಲ. ಮೂರರಲ್ಲಿ ಒಂದು ಕಣ್ಣಾಸ್ಪತ್ರೆ, ಅಲ್ಲಂತೂ ಕಿಟಕಿಯನ್ನೂ ಏರಿಸಿಕೊಂಡು ಕೂರುತ್ತಾರೆ.

ಆಯಿಲ್ ಪಾಠ ಹೇಳಿಕೊಟ್ಟವರೂ ಅವರೇ.

"ಸಿಂಥೆಟಿಕ್ ಅಂತ ಬರೆದಿದ್ರೆ ಸಾಲದು ಕಣಮ್ಮ. ದಪ್ಪ ತೆಳುವಿನ ನಂಬರ್ ಸರಿಯಿದ್ರೂ ಸಾಲದು. ನಿನ್ನ ವ್ಯಾನ್ ಮಾಡಿದ ಕಂಪನಿಯೋರು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿರ್ಬೇಕು. ಅದರ ನಂಬರ್ ಮೂರು-ಹದಿನೇಳು. ಪಕ್ಕದಲ್ಲಿ 'ಅಪ್ರೂವ್ಡ್' ಅಂತ ಇರ್ಬೇಕು. ಇಲ್ಲದಿದ್ರೆ ನಾಳೆ ಇಂಜಿನ್ ಕೆಟ್ರೆ ಕಂಪನಿಯೋರು ಕೈ ತೊಳ್ಕೋತಾರೆ."

ಗ್ಯಾರಂಟಿ ಇನ್ನೂ ನಾಲ್ಕು ತಿಂಗಳಿತ್ತು. ನಾನು ಈ ಮಾತನ್ನು ಮಂತ್ರದಂತೆ ಬಾಯಿಪಾಠ ಮಾಡಿದೆ.

ಆದರೆ ಅಂಗಡಿಯಲ್ಲಿ ನಿಂತರೆ ಮಂತ್ರವೆಲ್ಲ ಮರೆಯುತ್ತದೆ. ಒಂದು ನೀಲಿ ಡಬ್ಬಿ, ಒಂದು ಹಸಿರು ಡಬ್ಬಿ. ಎರಡೂ ಪೂರ್ತಿ ಸಿಂಥೆಟಿಕ್, ಎರಡರ ದಪ್ಪ ತೆಳುವಿನ ನಂಬರೂ 5ಡಬ್ಲ್ಯು-30. ಎರಡರ ಬೆನ್ನ ಮೇಲೂ ಎಪಿಐ ಎಂಬ ಗುಂಡನೆಯ ಮುದ್ರೆ, ಅದರ ಕೆಳಗೆ ಎಸಿಇಎ ಎಂಬ ಸಾಲು. ಅದೂ ಒಂದರಲ್ಲಿ ಸಿ-2, ಇನ್ನೊಂದರಲ್ಲಿ ಸಿ-3. ನೀಲಿಯಲ್ಲಿ 'ಮೂರು-ಹದಿನೇಳು, ಅಪ್ರೂವ್ಡ್'. ಹಸಿರಿನಲ್ಲಿ 'ಮೂರು-ಹದಿನೇಳರ ಅಗತ್ಯಗಳನ್ನು ಪೂರೈಸುತ್ತದೆ'. ಪೂರೈಸುತ್ತದೆ ಎಂದು ಹೇಳಿದವರು ಯಾರು? ಆಯಿಲ್ ಮಾಡಿದವರೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದು, ನಮ್ಮಂಥವರ ತಲೆ ತಿನ್ನುವುದು. ಒಮ್ಮೆ ಎರಡರ ಫೋಟೋವನ್ನೂ ಗಂಡನಿಗೆ ತೋರಿಸಿದೆ. ಅವನಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಡಾಕ್ಟರ ಕೈಬರಹವನ್ನೇ ಓದುವ ಗಂಡಸು. ಹಿಂದೆ ಮುಂದೆ ನೋಡಿ, "ಇದು ಊಟಕ್ಕೆ ಮುಂಚೆಯೋ ಆಮೇಲೋ?" ಎಂದ. ಅವನನ್ನು ಕೇಳಿದ್ದೇ ನನ್ನ ತಪ್ಪು.

ಸರ್ವೀಸ್ ಸೆಂಟರಿಗೆ ಫೋನ್ ಮಾಡಿ ಆಯಿಲ್ ಏರುತ್ತಿರುವುದನ್ನು ಹೇಳಿದೆ. ಅಲ್ಲಿಯ ಇಂಜಿನಿಯರ್ ಹುಡುಗಿ ಗಾಬರಿಯಾದಳು. "ಪೆಟ್ರೋಲ್ ಆಯಿಲಿಗೆ ಇಳೀತಿರಬಹುದು ಮೇಡಂ. ಹಾಗಿದ್ರೆ ಇಂಜಿನ್ ಬಿಚ್ಚಬೇಕು. ಮೂರು ವಾರ ಆಗುತ್ತೆ. ನಾಳೇನೇ ತನ್ನಿ."

ಮೂರು ವಾರ ಎಂದರೆ ಆಸ್ಪತ್ರೆ ಕೆಲಸಕ್ಕೆ ಎಳ್ಳು ನೀರು. ಏನಾದರೂ ಉಪಾಯ ಇದೆಯೇ ಎಂದು ಕೇಳಲು ಆಯಿಲ್ ಅಂಗಡಿಗೆ ಹೋದೆ.

"ಏರ್ತಾ ಇದೆಯಾ? ಏರದೆ ಇನ್ನೇನು ಅಕ್ಕ," ಎಂದ ಅಂಗಡಿಯವನು. "ಮೇಸ್ತ್ರಿಗಳು ಎರಡು ಲೀಟರ್ ಒಯ್ದಿದ್ದಾರಲ್ಲ. ಮೊನ್ನೆ ಕೂಡ ಬಂದಿದ್ರು."

"ನಮ್ಮ ಮಾವನಾ? ಯಾವ ಡಬ್ಬಿ?"

"ಹಸಿರು. 'ಅದೇ ಕೊಡಪ್ಪ' ಅಂದ್ರು. ನಾನು ಕೈಗೆ ಸಿಕ್ಕಿದ್ದು ಕೊಟ್ಟೆ. ಎರಡೂ ಒಂದೇ ಅಕ್ಕ, ಬಣ್ಣ ಮಾತ್ರ ಬೇರೆ."

ನನಗೆ ತಲೆಬುಡ ತಿಳಿಯಲಿಲ್ಲ. ಮೂರು-ಹದಿನೇಳು ಎಂದು ನನ್ನ ತಲೆಗೆ ಮೊಳೆ ಹೊಡೆದವರು, ತಾವೇ ಹೋಗಿ ಹಸಿರು ಡಬ್ಬಿ ತಂದರೇ? ತಂದರೂ, ತುಂಬಿದ ಇಂಜಿನಿಗೆ ಯಾಕೆ ಸುರಿದರು? ಮೂವತ್ತೆಂಟು ವರ್ಷದ ಮೇಸ್ತ್ರಿಗೆ ಕಡ್ಡಿ ನೋಡಲು ಬರುವುದಿಲ್ಲವೇ? ನನ್ನ ಕೋಪ ನೆತ್ತಿಗೇರಿತು. ಒಂದು ನೀಲಿ, ಒಂದು ಹಸಿರು ಕೊಂಡು ಸೀದಾ ಮನೆಗೆ ಬಂದೆ. ಮಾವ ಅಡುಗೆಮನೆಯ ಮೇಜಿನ ಮುಂದೆ ಟೀ ಕುಡಿಯುತ್ತಿದ್ದರು. ಎರಡು ಡಬ್ಬಿಗಳನ್ನೂ ಅವರ ಮುಂದೆ ಕುಕ್ಕಿದೆ.

"ಮಾವ, ಇದರಲ್ಲಿ ನಮ್ಮ ವ್ಯಾನಿಗೆ ಯಾವುದು ಆಗುತ್ತೆ? ಓದಿ ಹೇಳಿ."

ಅವರು ಹಸಿರು ಡಬ್ಬಿಯನ್ನು ಎತ್ತಿಕೊಂಡರು. ಮುಖದ ಹತ್ತಿರ ಹಿಡಿದರು. ಒಂದಕ್ಷರವೂ ತಡವರಿಸದೆ ಓದಿದರು. "ಮೂರು-ಹದಿನೇಳು, ಅಪ್ರೂವ್ಡ್. ಇದೇ ಕಣಮ್ಮ. ಎಷ್ಟು ಸಲ ಹೇಳೋದು?"

ಅವರ ಕಡೆಗಿದ್ದದ್ದು ಒಂದು ಕೆಂಪು ಕಾರಿನ ಚಿತ್ರ. ಅಕ್ಷರಗಳೆಲ್ಲ ನನ್ನ ಕಡೆಗಿದ್ದವು.

ಬೈಯಲು ಬಂದವಳು ಕುರ್ಚಿ ಎಳೆದು ಅವರ ಎದುರು ಕೂತೆ. ಈಚೆಗಷ್ಟೇ ಬದಲಾಯಿಸಿದ ಆಯಿಲ್ ತಿಳಿಯಾಗಿರುತ್ತದೆ, ಕಡ್ಡಿಯ ಮೇಲೆ ನನಗೇ ಓರೆಯಾಗಿ ಹಿಡಿದು ನೋಡಿದರೆ ಮಾತ್ರ ಕಾಣುವುದು. ಅವರಿಗೆ ದಿನಾ ಬೆಳಿಗ್ಗೆ ಕಡ್ಡಿ ಒಣಗಿದ ಹಾಗೆ ಕಂಡಿದೆ. ಸೊಸೆಯ ಇಂಜಿನ್ ಸುಟ್ಟುಹೋಗುತ್ತದೆ ಎಂದು ಹೆದರಿ, ದಿನಾ ಒಂದಿಷ್ಟು ಸುರಿದಿದ್ದಾರೆ. "ಸರಿ ಮಾವ" ಎಂದು ಡಬ್ಬಿಗಳನ್ನು ತೆಗೆದಿಟ್ಟೆ. ನಾಳೆ ಸರ್ವೀಸ್ ಸೆಂಟರಿಗೆ ಹೋಗಬೇಕು ಎಂದೆ.

"ನಾನೂ ಬರ್ತೀನಿ. ಆ ಮಕ್ಕಳಿಗೆ ಏನು ಗೊತ್ತು" ಎಂದರು.

ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತರು. ಇಂಜಿನಿಯರ್ ಹುಡುಗಿ ಕಡ್ಡಿ ಎಳೆದಳು, ಒರೆಸಿದಳು, ಮತ್ತೆ ಎಳೆದಳು. ಆಯಿಲ್ ಮೂಸಿದಳು.

"ಪೆಟ್ರೋಲ್ ವಾಸನೆ ಅಷ್ಟಾಗಿ ಇಲ್ಲ. ಆದ್ರೂ ಒಂದೂವರೆ ಲೀಟರ್ ಜಾಸ್ತಿ ಇದೆ. ಯಾರಾದ್ರೂ ಮೇಲಿಂದ ಹಾಕಿದ್ರಾ? ಹಾಕಿದ್ರೆ ಹೇಳಿಬಿಡಿ, ಈಗಲೇ ಬದಲಾಯಿಸಿ ಮಧ್ಯಾಹ್ನ ಕೊಡ್ತೀನಿ. ಹಾಕಿಲ್ಲ ಅಂದ್ರೆ ಇಂಜಿನ್ ಬಿಚ್ಚಲೇಬೇಕು."

ನಾನು ಮಾವನನ್ನು ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಇಸ್ತ್ರಿ ಅಂಗಿಯ ತುದಿಯನ್ನು ಎಳೆದು ಸರಿಮಾಡಿಕೊಂಡರು, ಅಷ್ಟೇ. ಸುತ್ತ ನೀಲಿ ಬಟ್ಟೆಯ ನಾಲ್ಕು ಜನ ಮೆಕಾನಿಕ್‌ಗಳು ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಅದರಲ್ಲೊಬ್ಬ ಅವರ ಕೈಕೆಳಗೆ ಕೆಲಸ ಕಲಿತವನು, ಬಂದ ಕೂಡಲೇ "ನಮಸ್ಕಾರ ಮೇಸ್ತ್ರಿ" ಎಂದಿದ್ದ.

"ನಾನೇ ಹಾಕಿದ್ದು," ಎಂದೆ. "ಕಡ್ಡಿ ಸರಿಯಾಗಿ ಕಾಣಲಿಲ್ಲ. ಡಬ್ಬಿ ಮೇಲಿನ ಅಕ್ಷರಾನೂ ಗೊತ್ತಾಗಲಿಲ್ಲ. ಹಸಿರು ಡಬ್ಬಿ."

ಹುಡುಗಿ ನನಗೆ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಕಡ್ಡಿಯನ್ನು ಬಿಳಿ ಬಟ್ಟೆಯ ಮುಂದೆ ಓರೆಯಾಗಿ ಹಿಡಿಯಬೇಕಂತೆ. 'ಪೂರೈಸುತ್ತದೆ' ಎಂದು ಬರೆದದ್ದೆಲ್ಲ ಕಂಪನಿಯ ಪಟ್ಟಿಯಲ್ಲಿ ಇರುವುದಿಲ್ಲವಂತೆ. ಎಲ್ಲ ಗೊತ್ತಿದ್ದರೂ ತಲೆಯಾಡಿಸಿದೆ.

"ಓದೋಕಾಗದಿದ್ರೆ ಪಕ್ಕದವರನ್ನ ಕೇಳಬೇಕಲ್ವಾ ಮೇಡಂ? ಮನೇಲೇ ಇಂಥಾ ಮೇಸ್ತ್ರಿ ಇದ್ದಾರೆ. ಕೇಳೋದ್ರಲ್ಲಿ ನಾಚಿಕೆ ಏನು?"

ಕಾರ್ಡಿನಲ್ಲಿ 'ಮಾಲೀಕರು ಒಪ್ಪಿಗೆಯಿಲ್ಲದ ಆಯಿಲ್ ಹಾಕಿದ್ದಾರೆ' ಎಂದು ಬರೆದಳು. ಉಳಿದ ನಾಲ್ಕು ತಿಂಗಳ ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಸಹಿ ಹಾಕಿದೆ. ಮಾತು ಕೊಟ್ಟ ಹಾಗೆ ಮಧ್ಯಾಹ್ನ ವ್ಯಾನ್ ಕೈಗೆ ಬಂತು.

ಅರ್ಧ ದಾರಿಯವರೆಗೂ ಮಾವ, ನಾನು ಬೆಳಿಗ್ಗೆ ಸೀಟಿನ ಮೇಲೆ ತಂದಿಟ್ಟಿದ್ದ ನೀಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿನ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. ಸಿಗ್ನಲ್‌ನಲ್ಲಿ ನಿಂತಾಗ ಅದನ್ನು ನನ್ನ ಕಡೆ ಚಾಚಿದರು.

"ಇದರಲ್ಲಿ ಏನು ಬರೆದಿದೆ, ಓದು."

ಓದಿದೆ. ಗುಂಡನೆಯ ಮುದ್ರೆಯಿಂದ ಹಿಡಿದು ಮೂರು-ಹದಿನೇಳರವರೆಗೆ, ಒಂದಕ್ಷರ ಬಿಡದೆ. ಅವರು ಪ್ರತಿ ಸಾಲಿಗೂ ಹೂಂ ಎಂದರು.

"ನಾಳೆ ಯಾವ ಆಸ್ಪತ್ರೆ ಸರದಿ?"

"ಕಣ್ಣಾಸ್ಪತ್ರೆ ಮಾವ."

"ಬರ್ತೀನಿ."

"ವ್ಯಾನಲ್ಲೇ ಕೂತಿರ್ತೀರಾ?"

"ಇಲ್ಲ. ಒಳಗೇ ಬರ್ತೀನಿ." ಡಬ್ಬಿಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು ಸೇರಿಸಿದರು. "ಆದ್ರೆ ಎಲ್ಲರ ಎದುರಿಗೆ ಕೈ ಹಿಡ್ಕೊಂಡು ನಡೆಸ್ಬೇಡ ಕಣಮ್ಮ."

ಸಿಗ್ನಲ್ ಬಿಟ್ಟಿತು. ಮುಂದಿನ ರಸ್ತೆ ನನಗೂ ಮಸುಕಾಗಿ ಕಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಗೇರ್ ಹಾಕಿದೆ.

"ಯಾಕೆ ಹಿಡಿಯಲಿ? ನಾಳೆ ಹೊದಿಕೆ ಗಂಟು ಭಾರ ಇರುತ್ತೆ ಮಾವ. ಒಂದು ತುದಿ ನೀವು ಹಿಡೀರಿ, ಇನ್ನೊಂದು ನಾನು ಹಿಡ್ಕೊಂಡು ಮುಂದೆ ನಡೀತೀನಿ."