ಮೂರನೆಯ ದೀಪ

ಬೇಲೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲೆ ಆರು ಕಂಪ್ಯೂಟರುಗಳು ಸೇರಿ ಒಂದೇ ಸಂಸಾರ ನಡೆಸುತ್ತಿದ್ದವೆಂದರೆ ಈಗ ಯಾರೂ ನಂಬುವುದಿಲ್ಲ. ಆ ಸಂಸಾರಕ್ಕೆ ನಾನೇ ಕಾವಲು. ಅದು ಎರಡು ಸಾವಿರದ ಆರನೇ ಇಸವಿ. ಹಾಸನದಲ್ಲಿ ಕಂಪ್ಯೂಟರ್ ಓದಿ ಮುಗಿಸಿ, ದಿನವೂ ಹಗರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಬಿಸಿಯಾದ ತಂತಿ, ಊದುಬತ್ತಿ, ಕೆಳಗಿನಿಂದ ಏರಿ ಬರುವ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ, ಈ ಮೂರೂ ಬೆರೆತ ವಾಸನೆ ಇವತ್ತು ಎಲ್ಲಾದರೂ ಮೂಗಿಗೆ ಬಡಿದರೆ ಕಣ್ಣು ತುಂಬಿ ಬರುತ್ತದೆ.

ನಮ್ಮದು ಪುಟ್ಟ ದಾಖಲೆ ಕೇಂದ್ರ. ದೇವಸ್ಥಾನದ ಪರಿಚಾರಕರ ಮನೆತನದ ನಿವೃತ್ತ ಚರಿತ್ರೆ ಮೇಷ್ಟರು ಗೋಪಾಲಸ್ವಾಮಿಯವರು ಅದರ ಯಜಮಾನರು. ಬೇಲೂರು ಹಳೇಬೀಡುಗಳ ಕೆತ್ತನೆಗಳನ್ನು ಅಳೆದು ಚಿತ್ರ ತೆಗೆಯುವುದು, ಅರಸೀಕೆರೆಯಿಂದೀಚೆಗಿನ ಹಳ್ಳಿಗಳ ಮುದುಕಿಯರ ಹಾಡು ಹಿಡಿದಿಡುವುದು ನಮ್ಮ ಕೆಲಸ. ಇದೆಲ್ಲ ಒಂದು ಕಂಪ್ಯೂಟರಿಗೆ ಹೊರಲಾಗದ ಭಾರ. ಅದಕ್ಕೇ ಪ್ರತಿ ಕಡತವನ್ನೂ ತುಂಡು ಮಾಡಿ ಆರೂ ಯಂತ್ರಗಳಿಗೆ ಸರದಿಯಂತೆ ಹಂಚುವ ವ್ಯವಸ್ಥೆ ಮಾಡಿದ್ದೆವು. ಕೇಳಿದಾಗ ಆರೂ ಒಟ್ಟಿಗೆ ತಂದು ಕೊಡುತ್ತಿದ್ದವು, ಆರು ಜನ ಬಡಿಸಲು ನಿಂತರೆ ಪಂಕ್ತಿ ಬೇಗ ಮುಗಿಯುವ ಹಾಗೆ. ಆದರೆ ಒಬ್ಬ ಕೈಕೊಟ್ಟರೆ ಎಲ್ಲರ ಎಲೆಯಲ್ಲೂ ಒಂದೊಂದು ಪದಾರ್ಥ ಕಡಿಮೆ. ಎಲ್ಲಕ್ಕೂ ಇನ್ನೊಂದು ಪ್ರತಿ ಇಟ್ಟುಕೊಳ್ಳೋಣ, ಡಿಸ್ಕು ತರಿಸಿ ಎಂದು ನಾನು ಕೇಳಿದಾಗಲೆಲ್ಲ ಮೇಷ್ಟರು ಮುಂದಿನ ವರ್ಷ ಮಂಜೂರಾಗುತ್ತದೆ ಎನ್ನುತ್ತಿದ್ದರು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುತ್ತಾರಲ್ಲ, ಹಾಗೆ ನನ್ನನ್ನು ಸಾಗಹಾಕುತ್ತಿದ್ದರು.

ಇನ್ನು ಇರುವುದನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಲ್ಲ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಹಳೆಯ ಡಬ್ಬದಂಥ ಮಾನಿಟರ್ ಇಟ್ಟು, ಅದರಲ್ಲಿ ಆರು ಯಂತ್ರಕ್ಕೆ ಆರು ದೀಪ, ದೀಪಗಳ ಕೆಳಗೆ ಯಂತ್ರದ ಓಟ ತೋರಿಸುವ ಗೆರೆಗಳು ಬರುವಂತೆ ಮಾಡಿದೆ. ಒಂದೊಂದು ದೀಪವೂ ನಾಲ್ಕಾಣೆಯಷ್ಟು ಅಗಲ. ಹಸಿರಿದ್ದರೆ ಕ್ಷೇಮ. ಹಳದಿಯಾದರೆ ಡಿಸ್ಕು ನರಳುತ್ತಿದೆ, ಒಳಗಿರುವುದನ್ನು ಬೇಗ ಬೇರೆಡೆಗೆ ಸಾಗಿಸು ಎಂದರ್ಥ. ಕೆಂಪಾದರೆ ಕತೆ ಮುಗಿಯಿತು. ನಾನು ಇಷ್ಟೆಲ್ಲ ಕಟ್ಟಿದ್ದು ಆ ಹಳದಿಗಾಗಿಯೇ. ಜೊತೆಗೆ ಕೂಗುವ ಗಂಟೆಯನ್ನೂ ಇಟ್ಟಿದ್ದೆ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಸುಮ್ಮಸುಮ್ಮನೆ ಅರಚುತ್ತದೆಂದು ಪಾತ್ರೆ ಅಂಗಡಿಯವರು ದೂರಿದ ಮೇಲೆ ಅದರ ಬಾಯಿ ಕಟ್ಟಬೇಕಾಯಿತು.

ಆ ದೀಪಗಳ ಮೇಲೆ ನನಗಿಂತ ಹೆಚ್ಚು ಪ್ರೀತಿಯಿದ್ದದ್ದು ಜಾನಕಮ್ಮನಿಗೆ. ಆಕೆ ಬೆಳಿಗ್ಗೆ ಬೀಗ ತೆಗೆದು, ಕಸ ಗುಡಿಸಿ, ಕಾಫಿ ಕಾಯಿಸುವವಳು. ಬಂದವಳೇ ಮೊದಲು ಪರದೆ ನೋಡಿ, ನಾನು ಮೆಟ್ಟಿಲು ಹತ್ತುವಷ್ಟರಲ್ಲಿ "ಆರೂ ಚೆನ್ನಾಗವೆ ಕಣವ್ವ" ಎನ್ನುತ್ತಿದ್ದಳು. ಮನೆಮಂದಿಯ ಕ್ಷೇಮ ಹೇಳುವ ದನಿ ಅದು. ಆಮೇಲೆ ನಾನು ಎಲ್ಲೆಲ್ಲೋ ಕೆಲಸ ಮಾಡಿದೆ, ಯಾರೂ ನನ್ನನ್ನು ಹಾಗೆ ಎದುರುಗೊಳ್ಳಲಿಲ್ಲ.

ಆ ಯಂತ್ರಗಳಲ್ಲಿ ನನ್ನ ಅಜ್ಜಿಯೂ ಇದ್ದಳು. ಅಮ್ಮನ ತಾಯಿ ಲಕ್ಕಮ್ಮ, ಯಗಚಿಯ ಆಚೆ ದಡದ ಊರಿನವಳು, ಕೊನೆಗಾಲಕ್ಕೆ ಹಗರೆಗೆ ಬಂದು ನಮ್ಮ ಜೊತೆಗಿದ್ದಳು. ಅಮ್ಮ ಮೀನಾಕ್ಷಿ ಶಾಲೆಯಲ್ಲಿ ಟೀಚರು. ಮಕ್ಕಳನ್ನು ತಿದ್ದಿ ತಿದ್ದಿ, ಮನೆಗೆ ಬಂದರೆ ಹೆತ್ತ ತಾಯಿಯನ್ನೂ ತಿದ್ದುತ್ತಿದ್ದಳು. "ಐತೆ ಅಲ್ಲಮ್ಮ, ಇದೆ." ಅದಕ್ಕೇ ಅಜ್ಜಿ ಅಮ್ಮನೆದುರು ಹಾಡುತ್ತಿರಲಿಲ್ಲ. ನಾನು ರೆಕಾರ್ಡರ್ ತಂದ ದಿನವೂ "ಅವ್ಳು ಇಸ್ಕೂಲಿಗೆ ಹೋಗ್ಲಿ, ಆಮ್ಯಾಕೆ ಹಾಡ್ತೀನಿ" ಎಂದು ಕಾದು, ಮಗಳನ್ನು ಗಂಡನ ಮನೆಗೆ ಕಳಿಸುವ ಸೋಬಾನೆಯನ್ನು ಹಾಡಿದಳು. ಅಮ್ಮನ ಮದುವೆಯಲ್ಲಿ ಅವಳೇ ಅದನ್ನು ಹಾಡಿದ್ದಳಂತೆ. ಅಜ್ಜಿ ಆ ವರ್ಷದ ಆಷಾಢದಲ್ಲಿ ತೀರಿಕೊಂಡಳು. ಅಮ್ಮ ಅಳಲಿಲ್ಲ, ಹಾಡನ್ನು ಕೇಳುತ್ತೇನೆಂದೂ ಅನ್ನಲಿಲ್ಲ. ರೆಕಾರ್ಡರಿನ ಹೊಟ್ಟೆ ಚಿಕ್ಕದು, ಹೊಸ ಹಾಡಿಗೆ ಹಳೆಯದನ್ನು ಅಳಿಸಲೇಬೇಕು. ಹಾಗಾಗಿ ಅಜ್ಜಿಯ ದನಿ ಉಳಿದದ್ದು ಆ ಆರು ಯಂತ್ರಗಳಲ್ಲಿ ಮಾತ್ರ.

ಆಯುಧಪೂಜೆ ಬಂತು. ಜಾನಕಮ್ಮ ಯಂತ್ರಗಳನ್ನೆಲ್ಲ ಒರೆಸಿ, ಚೆಂಡುಹೂವಿನ ಹಾರ ಹಾಕಿ, ಗಂಧದಲ್ಲಿ ಕಲಸಿದ ಕುಂಕುಮವನ್ನು ಕೈತುಂಬ ಹಚ್ಚಿದಳು. ಪರದೆಯನ್ನೂ ಬಿಡಲಿಲ್ಲ. ಆರು ದೀಪ ಕಂಡವಲ್ಲ, ಒಂದೊಂದು ದೀಪದ ಮೇಲೂ ಸರಿಯಾಗಿ ಒಂದೊಂದು ಬೊಟ್ಟು. ಮರುದಿನ ನಾನು ಬಟ್ಟೆ ಹಿಡಿದುಕೊಂಡು ಹೋದರೆ ಆಕೆ ಅಡ್ಡ ನಿಂತಳು. ಹಚ್ಚಿದ ಕುಂಕುಮ ಯಾರಾದರೂ ಒರೆಸುತ್ತಾರೆಯೇ, ತಾನಾಗಿ ಉದುರಲಿ ಎಂದಳು. ಮೇಷ್ಟರೂ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ಟೀವಿಯ ಮೇಲೆ ಬುದ್ಧ ಕೂತಿದ್ದಾನೆ, ಪೂಜೆಗೀಜೆ ಇಲ್ಲ, ಆದರೂ ಎದುರಿಗೆ ನಿಂತವಳ ಬರಿದಾದ ಹಣೆಯನ್ನು ನೋಡಿದ ಮೇಲೆ ನನ್ನ ಕೈಯೂ ಏಳಲಿಲ್ಲ. ದೀಪಗಳ ಕೆಳಗಿನ ಗೆರೆಗಳು ಎಂದಿನಂತೆ ಹರಿಯುತ್ತಿದ್ದವು, ನಾನು ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ. ಯಂತ್ರ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ಅವು ಹೇಳುತ್ತಿದ್ದವು, ಡಿಸ್ಕಿನ ನರಳಾಟವನ್ನಲ್ಲ.

ದೀಪಾವಳಿಗೆ ಮುಂಚಿನ ಒಂದು ಭಾನುವಾರ ಅಮ್ಮ ಹೂಕೋಸು ಹೆಚ್ಚುತ್ತಾ, ತಲೆಯೆತ್ತದೆ, ಅಜ್ಜಿಯ ಆ ಹಾಡನ್ನು ಮನೆಗೆ ತರುವುದಕ್ಕೆ ಆಗುತ್ತದೆಯೇ ಎಂದು ಕೇಳಿದಳು. ನಾಳೆಯೇ ತರುತ್ತೇನೆ ಎಂದೆ. ಎಷ್ಟು ತಿಂಗಳಿಂದ ಆ ಮಾತಿಗಾಗಿ ಕಾದಿದ್ದೆನೋ ನನಗೇ ಗೊತ್ತು.

ಸೋಮವಾರ ಕಡತ ತೆರೆದೆ. ಅಜ್ಜಿ ಎರಡು ಸಾಲು ಹಾಡಿದಳು. ಮೂರನೆಯ ಸಾಲು ಇಲ್ಲ. ಆಮೇಲೆ ಐದು ಸಾಲು, ಮತ್ತೆ ಮೌನ. ಹಾಡನ್ನು ಕುಗ್ಗಿಸದೆ ಇದ್ದ ಹಾಗೇ ಇಟ್ಟಿದ್ದರಿಂದ ಉಳಿದ ತುಂಡುಗಳು ಕೇಳುತ್ತಿದ್ದವು, ಮೂರನೇ ಯಂತ್ರದ ಪಾಲು ಮಾತ್ರ ಖಾಲಿ. ಡಿಸ್ಕು ಹಳದಿಯಾಗಿ, ಕೆಂಪಾಗಿ, ಸತ್ತು ಎಷ್ಟು ದಿನವಾಗಿತ್ತೋ, ಎಲ್ಲ ಕುಂಕುಮದ ಹಿಂದೆಯೇ ನಡೆದುಹೋಗಿತ್ತು. ಮೇಷ್ಟರು ಸಮಾಧಾನ ಹೇಳಿದರು. ಕೆತ್ತನೆಗಳ ಕಡತ ಹಾಳಾದರೂ ಕಲ್ಲು ನಿಂತಲ್ಲೇ ಇರುತ್ತದೆ, ಮತ್ತೆ ಅಳೆಯೋಣ ಎಂದರು. ಕಲ್ಲು ಇರುತ್ತದೆ, ನನ್ನಜ್ಜಿ ಎಲ್ಲಿದ್ದಾಳೆ ಎಂದು ಕೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸುತ್ತಾ ಕೂತರು.

ಜಾನಕಮ್ಮನ ಮೇಲೆ ಹರಿಹಾಯಬೇಕೆಂದು ಮಾತುಗಳನ್ನೆಲ್ಲ ಜೋಡಿಸಿಕೊಂಡೇ ಎದ್ದಿದ್ದೆ. ಅಷ್ಟರಲ್ಲಿ ಆಕೆ ಪರದೆಯ ಮುಂದೆ ನಿಂತು ಸೆರಗಿನ ಚುಂಗಿನಿಂದ ಆರೂ ಬೊಟ್ಟುಗಳನ್ನು ಒಂದೊಂದಾಗಿ ಒರೆಸತೊಡಗಿದ್ದಳು. ಐದು ಹಸಿರು ಬಂದವು. ಮೂರನೆಯದು ಎಷ್ಟು ಉಜ್ಜಿದರೂ ಕೆಂಪಾಗಿಯೇ ಇತ್ತು. ಕುಂಕುಮ ಹೋಗಿಲ್ಲವೆಂದು ಆಕೆ ಉಜ್ಜುತ್ತಲೇ ಇದ್ದಳು.

"ಬಿಡಿ ಜಾನಕಮ್ಮ. ಅದು ಕುಂಕುಮ ಅಲ್ಲ" ಎಂದೆ.

"ಚೆನ್ನಾಗಿರ್ಲಿ ಅಂತಾನೇ ಇಟ್ಟಿದ್ದು ಕಣವ್ವ" ಎಂದು ಆಕೆ ಅಲ್ಲೇ ಕುಕ್ಕರಿಸಿದಳು. ನಾನು ಹೋಗಿ ಮೂರನೇ ಯಂತ್ರದ ಡಿಸ್ಕನ್ನು ಬಿಚ್ಚತೊಡಗಿದೆ.

ಹಾಸನದಿಂದ ಬೆಂಗಳೂರಿನವರೆಗೆ ಆ ಡಿಸ್ಕನ್ನು ತೋರಿಸಿದ್ದಾಯಿತು. ಎಲ್ಲರೂ ಕೈಚೆಲ್ಲಿದರು. ಕೊನೆಗೆ ತೂತುಬಿದ್ದ ಹಾಡನ್ನೇ ಸೀಡಿಗೆ ಇಳಿಸಿಕೊಂಡು ಮನೆಗೆ ಹೋದೆ. ಅಲ್ಲಲ್ಲಿ ಸಾಲು ಹೋಗಿದೆ ಅಮ್ಮ, ಎಂದು ಮೊದಲೇ ಹೇಳಿದೆ. ಅಮ್ಮ ತರಗತಿಯಲ್ಲಿ ಕೂರುವಂತೆ ನೆಟ್ಟಗೆ ಕುರ್ಚಿಯಲ್ಲಿ ಕೂತಳು.

ಅಜ್ಜಿಯ ದನಿ ಬಂತು: ಯಗಚಿ ದಾಟುವಾಗ ಹಿಂದಕ್ಕೆ ನೋಡಬ್ಯಾಡ, ಹಿತ್ತಲ ಕರುವು ಕರೆದಾವು.

ಆಮೇಲೆ ಮೌನ. ನಾನು ನೆಲ ನೋಡುತ್ತಿದ್ದೆ. ಆ ಮೌನದಲ್ಲಿ ಅಮ್ಮ ಹಾಡಿದಳು: "ನಾ ಬತ್ತೀನಿ ಮಗಳೆ ಸುಗ್ಗೀಗೆ."

ಹುಟ್ಟಿದಾಗಿನಿಂದ ಅಮ್ಮ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳ ಬಾಯಲ್ಲಿ ಬತ್ತೀನಿ ಎಂಬುದನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಮುಂದಿನ ಸಾಲಿಗೆ ಬಂದಳು, ಐದು ಸಾಲು ಹಾಡಿ ನಿಂತಳು, ಅಮ್ಮ ಮತ್ತೆ ತುಂಬಿದಳು. ಹಾಡು ಮುಗಿಯುವವರೆಗೂ ತಾಯಿ ಮಗಳು ಹಾಗೇ ಕೊಟ್ಟು ತೆಗೆದುಕೊಂಡರು. ಅಮ್ಮನ ಕೆನ್ನೆ ಪೂರ್ತಿ ಒದ್ದೆಯಾಗಿತ್ತು, ದನಿ ಮಾತ್ರ ನಡುಗಲಿಲ್ಲ.

ನನ್ನದು ಯಂತ್ರದ ಬುದ್ಧಿ. ಅಮ್ಮನ ಸಾಲುಗಳನ್ನು ರೆಕಾರ್ಡ್ ಮಾಡಿ ತೂತು ಮುಚ್ಚುತ್ತೇನೆ, ಹಾಡು ಪೂರ್ತಿಯಾಗುತ್ತದೆ ಎಂದೆ.

ಅಮ್ಮ ಬೇಡವೆಂದಳು. "ಹಂಗೇ ಬಿಡು. ಅಲ್ಲಿ ನನಗೆ ಜಾಗ ಐತೆ."

ಕೇಂದ್ರ ಎರಡು ವರ್ಷಕ್ಕೆ ಮುಚ್ಚಿತು. ಯಂತ್ರಗಳನ್ನು ಯಾರೋ ಗುಜರಿಗೆ ಒಯ್ದರು. ಹೋದ ವರ್ಷ ಅಮ್ಮನೂ ಹೋದಳು. ಸೀಡಿ ಈಗ ಫೋನಿಗೆ ಬಂದಿದೆ, ಭಾನುವಾರ ಒಬ್ಬಳೇ ಇರುವಾಗ ಹಾಕಿಕೊಳ್ಳುತ್ತೇನೆ. ಸಂಗೀತದ ಗಂಧ ನನಗಿಲ್ಲ, ಅಜ್ಜಿ ಹಾಡುವ ಸಾಲುಗಳು ಇಷ್ಟು ಸಲ ಕೇಳಿದರೂ ಬಾಯಿಗೆ ಬರುವುದಿಲ್ಲ. ಆ ಹಾಡಿನಲ್ಲಿ ನನಗೆ ಬಾಯಿಪಾಠ ಇರುವುದು ಮೂರನೇ ಯಂತ್ರದಲ್ಲಿ ಕಳೆದುಹೋಗಿ, ಅಮ್ಮ ಪ್ರತಿ ಸಲವೂ ತುಂಬುತ್ತಿದ್ದ ಸಾಲುಗಳಷ್ಟೇ. ಅಜ್ಜಿ ನಿಲ್ಲಿಸಿದಾಗ ನಾನು ಶುರುಮಾಡುತ್ತೇನೆ.