ಎಂಟರ್ ಗುಂಡಿ ಟೈಲರ್ ಜೇಬಿನಲ್ಲಿತ್ತು

ರಾತ್ರಿ ಕೆಳಗಿನ ಕೋಣೆಯಿಂದ 'ಟಕ್' ಎಂಬ ಸದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ 'ಟಕ್'. ನಮ್ಮ ಮನೆ ಕಂಪ್ಯೂಟರ್ ಕೋಣೆಯ ಮೇಲೆಯೇ ಇರುವುದರಿಂದ ಅಲ್ಲಿ ಯಾರು ಕೆಮ್ಮಿದರೂ ನನಗೆ ಎಚ್ಚರವಾಗುತ್ತದೆ. ಮಲಗಿದ್ದ ತಂಗಿಯನ್ನು ಎಬ್ಬಿಸದೆ, ಗ್ಯಾಸ್ ಆರಿಸಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿ, ಟಾರ್ಚ್ ಹಿಡಿದು ಇಳಿದೆ.

ಮೂರನೇ ಮಹಡಿಯ ಕಂಡಕ್ಟರ್ ತಾತ ಕತ್ತಲೆಯಲ್ಲಿ ಕೂತಿದ್ದರು. ಬಸ್ಸಿನ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಆರಿದ ಪರದೆಯ ಮುಂದೆ ಕೀಬೋರ್ಡಿಗೆ ಒಂದು ಗುಂಡಿ ಸಿಕ್ಕಿಸಿ ಒತ್ತುತ್ತಿದ್ದರು.

"ಏನು ತಾತ, ಈ ಹೊತ್ತಲ್ಲಿ?"

"ನನ್ನ ಪಾಲಿನ ಗುಂಡಿ ಕಣಮ್ಮ. ಹಗಲಲ್ಲಿ ನನ್ನನ್ನ ಯಾರು ಕರೀತಾರೆ?"

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಟ್ಟಡಕ್ಕೆಲ್ಲ ಇರುವುದು ಒಂದೇ ಕಂಪ್ಯೂಟರ್, ಒಂದೇ ಇಂಟರ್ನೆಟ್. ಮೊದಲೆಲ್ಲ ಗಟ್ಟಿ ಗಂಟಲಿನವರು ಬೆಳಗಿನಿಂದಲೇ ಅದರ ಮುಂದೆ ಬೇರು ಬಿಡುತ್ತಿದ್ದರು. ನನ್ನಂಥವರು ಬಾಗಿಲಲ್ಲಿ ನಿಂತು, ಇನ್ನೇನು ಎದ್ದಾರು ಎಂದು ಕಾದು, ದಾರಿ ತಪ್ಪಿ ಬಂದವರಂತೆ ಮುಖ ಮಾಡಿಕೊಂಡು ಹಿಂತಿರುಗುತ್ತಿದ್ದೆವು. ಸಮಾನತೆ ತರಲೇಬೇಕೆಂದು ಸಂಘದವರು ಸಭೆ ಕರೆದರು. ಸಮಯ ಹಂಚೋಣವೆಂದರೆ, ಬೆಳಗಿನ ಗಂಟೆಗೂ ಮಧ್ಯಾಹ್ನದ ಗಂಟೆಗೂ ಒಂದೇ ಬೆಲೆಯೇ ಎಂದು ಜಗಳವಾಯಿತು. ಕೊನೆಗೆ ಅಧ್ಯಕ್ಷರು ಚಮಚದಿಂದ ಕೀಬೋರ್ಡಿನ ಗುಂಡಿಗಳನ್ನೆಲ್ಲ ಎಬ್ಬಿಸಿ ಮನೆಮನೆಗೆ ಸಮನಾಗಿ ಹಂಚಿಬಿಟ್ಟರು. ಇನ್ನು ಯಾರು ಏನು ಬರೆಯಬೇಕಾದರೂ ಎಲ್ಲರನ್ನೂ ಕರೆಯಲೇಬೇಕು. ಮೌಸನ್ನು ಹಂಚಲು ಬರುವುದಿಲ್ಲ. ಅದು ಒಬ್ಬರ ಕೈ ಸೇರಿದರೆ ಸರ್ವಾಧಿಕಾರವೇ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ತಾತನ ಪಾಲಿಗೆ ಬಂದದ್ದು ಮೇಲಿನ ಸಾಲಿನ ಎಫ್ ಗುಂಡಿಗಳು. ಎಣಿಕೆಯಲ್ಲಿ ಎಲ್ಲರಷ್ಟೇ. ಆದರೆ ಯಾರ ಕಾಗದಕ್ಕೂ ಅವು ಬೇಕಾಗುತ್ತಿರಲಿಲ್ಲ.

"ನಾಳೆ ನನ್ನ ತಂಗಿ ಕೆಲಸಕ್ಕೆ ಅರ್ಜಿ ಹಾಕ್ತಾಳೆ ತಾತ. ನಿಮ್ಮನ್ನೂ ಕರೀತೀನಿ. ನೀವೂ ಒಂದ್ಸಲ ಒತ್ತುವಿರಂತೆ," ಎಂದೆ.

"ಬಾಯಿಮಾತಿಗೆ ಹೇಳ್ತಿಲ್ಲ ತಾನೆ?"

ತಂಗಿ ಕೆಲಸ ಮಾಡುತ್ತಿದ್ದ ರಕ್ತಪರೀಕ್ಷೆಯ ಲ್ಯಾಬು ಮುಚ್ಚಿದ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಇತ್ತೀಚೆಗೆ ಹಸಿವಿಲ್ಲವೆಂದು ತಟ್ಟೆ ಬೇಗ ಎತ್ತುತ್ತಾಳೆ. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಾಳೆ. ದೊಡ್ಡಾಸ್ಪತ್ರೆಯೊಂದರಲ್ಲಿ ಅವಳಿಗೆ ತಕ್ಕ ಜಾಗ ಖಾಲಿಯಿತ್ತು. ಅರ್ಜಿಗೆ ಮಾರನೆಯ ಸಂಜೆ ಆರು ಗಂಟೆಯೇ ಕೊನೆ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಸೇರಿದರು. ಕೆಲವರ ಗುಂಡಿ ಡಬ್ಬಿಯಲ್ಲಿ, ಕೆಲವರದು ಕರವಸ್ತ್ರದ ಗಂಟಿನಲ್ಲಿ. ಟೈಲರ್ ಅಣ್ಣ ಎಂಟರ್ ಗುಂಡಿಯನ್ನು ಅಂಗಿಯ ಜೇಬಿನಲ್ಲಿ ಅಳತೆ ಟೇಪಿನ ಜೊತೆಗೇ ಇಟ್ಟುಕೊಳ್ಳುತ್ತಿದ್ದ. ಪಕ್ಕದ ಮನೆಯ ಚಿಕ್ಕಮ್ಮನ ಪಾಲಿಗೆ ಉದ್ದನೆಯ ಸ್ಪೇಸ್ ಗುಂಡಿ ಬಂದಿದ್ದರಿಂದ ಅವರಿಗೆ ಕುರ್ಚಿ ಬಿಟ್ಟುಕೊಡುವುದು ರೂಢಿಯಾಗಿತ್ತು.

"ವಯಸ್ಸು ಎಷ್ಟಮ್ಮ?" ಮೇಷ್ಟ್ರು ಕೇಳಿದರು. ಅಂಕಿಗಳಲ್ಲಿ ಅರ್ಧ ಅವರ ಬಳಿಯಿದ್ದವು.

"ಮೂವತ್ತೇಳು," ತಂಗಿ ಮೆಲ್ಲಗೆ ಹೇಳಿದಳು.

"ಮೂವತ್ತಾರು ಅಂತ್ಲೇ ಹಾಕೋಣ. ಆರು ಇಲ್ಲೇ ಇದೆ. ಏಳು ಸ್ನಾನಕ್ಕೆ ಹೋಗಿದೆ."

"ಸುಳ್ಳಾಗಲ್ವಾ ಮೇಷ್ಟ್ರೇ?"

"ನೋಡಿದ್ರೆ ಮೂವತ್ತಾರೂ ಅನ್ಸಲ್ಲ. ಯಾರಿಗೆ ನಷ್ಟ?"

ಏಳರ ಮನೆಯಾತ ತಲೆ ಒರೆಸಿಕೊಳ್ಳುತ್ತಾ ಬರುವವರೆಗೆ ಕಾದೆವು. ಹಿಂದಿನ ಕೆಲಸ ಏಕೆ ಹೋಯಿತು ಎಂಬ ಕಡೆ ಬಂದಾಗ ತಂಗಿಗಿಂತ ಮೊದಲು ಎಲ್ಲರೂ ಉತ್ತರ ಕೊಟ್ಟರು. ಚಿಕ್ಕಮ್ಮ, "ಆರೋಗ್ಯ ಸರಿಯಿರಲಿಲ್ಲ ಅಂತ ಹಾಕ್ರಿ, ಪಾಪ ಅಂತ ತಗೋತಾರೆ," ಎಂದರು. ಕೊನೆಗೆ ಕೈ ಎತ್ತಿಸಿ ನೋಡಿದಾಗ, ಲ್ಯಾಬು ಮುಚ್ಚಿತು ಎಂಬ ನಿಜಕ್ಕೆ ಒಂದೇ ಒಂದು ಕೈ ಹೆಚ್ಚು ಎದ್ದಿತು.

ಎಲ್ಲ ತುಂಬಿ ಮುಗಿಯಿತು. ಟೈಲರ್ ಅಣ್ಣ ಜೇಬಿಗೆ ಕೈ ಹಾಕಿದ. ಆಗ ನಾನು ತಾತನ ವಿಷಯ ಎತ್ತಿದೆ. ಅಧ್ಯಕ್ಷರಿಗೆ ಕಣ್ಣು ತೆರೆದಂತಾಯಿತು. "ಹೌದಲ್ಲ, ಒಂದು ಮನೆಯನ್ನ ಹೊರಗಿಟ್ಟು ಎಂಥ ಸಮಾನತೆ? ತಾತ, ನೀವೊಂದು ಒತ್ತಿ. ಆಮೇಲೆ ಎಂಟರ್."

ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ತಾತ ತಮ್ಮ ಗುಂಡಿಗಳಲ್ಲಿ ಬಹಳ ಯೋಚಿಸಿ ಎಫ್ ಐದನ್ನು ಆರಿಸಿದರು. ಸಿಕ್ಕಿಸಿದರು. ಒತ್ತಿದರು.

ಪರದೆ ಒಮ್ಮೆ ಬೆಳ್ಳಗಾಯಿತು. ಮತ್ತೆ ಅರ್ಜಿ ಬಂತು, ಒಂದಕ್ಷರವೂ ಇಲ್ಲದೆ.

"ಅಂದ್ರೆ ನನ್ನದೂ ಕೆಲಸ ಮಾಡತ್ತೆ," ಎಂದರು ತಾತ. ಅವರ ಕಣ್ಣು ಒದ್ದೆಯಾಗಿತ್ತು. ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ತಂಗಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

ಮೊದಲಿನಿಂದ ಶುರು. "ಗಿರಾಕಿಗೆ ಕೋಟು ಕೊಟ್ಟು ಈಗ ಬಂದೆ," ಎಂದು ಟೈಲರ್ ಅಣ್ಣ ಸ್ಕೂಟರ್ ಹತ್ತಿದ. ಎಂಟರ್ ಗುಂಡಿ ಅವನ ಜೇಬಿನಲ್ಲೇ ಹೋಯಿತು. ಎರಡನೇ ಸಲ ಅರ್ಜಿ ತುಂಬಿ ಮುಗಿದಾಗ ಆರಕ್ಕೆ ಹತ್ತು ನಿಮಿಷ ಉಳಿದಿತ್ತು. ಫೋನು ಮಾಡಿದರೆ ಅವನು ಎತ್ತಲಿಲ್ಲ.

"ಬೀರು ತೆಗೀರಿ ಸರ್. ಮೌಸಲ್ಲಿ ಕಳಿಸ್ತೀನಿ," ಎಂದೆ ಅಧ್ಯಕ್ಷರಿಗೆ.

"ಒಬ್ಬರನ್ನ ಬಿಟ್ಟು ಮುಂದೆ ಹೋದ್ರೆ ಸಮಾನತೆಯ ಗತಿ ಏನಮ್ಮ?"

"ಅರ್ಜಿಯ ಗತಿ?"

"ಅರ್ಜಿ ಇನ್ನೊಂದು ಬರುತ್ತೆ. ಸಮಾನತೆ ಒಂದ್ಸಲ ಹೋದ್ರೆ ಹೋಯ್ತು."

ಸ್ಕೂಟರ್ ಬರುತ್ತದೆಯೇ ಎಂದು ನೋಡಲು ಎಲ್ಲರೂ ಗೇಟಿಗೆ ಹೋದರು, ತಂಗಿಯೂ. ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಎಂಟರ್ ಇರಬೇಕಾದ ಜಾಗದಲ್ಲಿ ಮಗುವಿನ ಹಲ್ಲಿನಂಥ ಒಂದು ಬಿಳಿ ರಬ್ಬರ್ ಮೊಳಕೆ ಕಾಣುತ್ತಿತ್ತು. ಅದರ ಸುತ್ತ ಧೂಳು. ಧೂಳು ಒರೆಸಲು ಬೆರಳು ಹಾಕಿದೆ ಎಂದರೆ ಅದು ಅರ್ಧ ನಿಜ. ಒತ್ತಿದೆ.

'ನಿಮ್ಮ ಅರ್ಜಿ ತಲುಪಿದೆ' ಎಂದು ಪರದೆ ಹೇಳಿತು.

ಪರದೆಯ ಸ್ವಿಚ್ ಆರಿಸಿ ಬಾಗಿಲಿಗೆ ಬಂದು ನಿಂತೆ. ಡಬ್ಬಿಗಳಲ್ಲಿ, ಕರವಸ್ತ್ರಗಳಲ್ಲಿ, ಜೇಬುಗಳಲ್ಲಿ ನಾವೆಲ್ಲ ಜೋಪಾನ ಮಾಡುತ್ತಿದ್ದದ್ದು ಬರೀ ಮುಚ್ಚಳಗಳನ್ನು.

ಅಷ್ಟರಲ್ಲಿ ಸ್ಕೂಟರ್ ಬಂತು. ಟೈಲರ್ ಅಣ್ಣ ಓಡುತ್ತಲೇ ಬಂದು ಗುಂಡಿ ಸಿಕ್ಕಿಸಿ ಒತ್ತಿದ. ಅಧ್ಯಕ್ಷರು, "ಇದ್ಯಾಕೆ ಕತ್ತಲೆ?" ಎನ್ನುತ್ತಾ ಪರದೆ ಹೊತ್ತಿಸಿದರು. ತಲುಪಿದೆ ಎಂಬುದನ್ನು ಎಲ್ಲರೂ ಗಟ್ಟಿಯಾಗಿ ಓದಿ ಚಪ್ಪಾಳೆ ತಟ್ಟಿದರು.

"ನಿಮ್ಮಿಂದಲೇ ಆಯ್ತಣ್ಣ," ತಂಗಿ ಅವನ ಕೈ ಹಿಡಿದು ಅತ್ತಳು.

"ನಾನೇನು ಮಾಡ್ದೆ? ಒತ್ತಿದೆ ಅಷ್ಟೆ," ಎಂದ ಅವನು, ಎದೆ ಉಬ್ಬಿಸಿ.

"ಮಧ್ಯೆ ಜಾಗ ಬಿಟ್ಟೋರು ಯಾರು? ಅದನ್ನೂ ಹೇಳಿ," ಎಂದರು ಚಿಕ್ಕಮ್ಮ.

ಮೆಟ್ಟಿಲು ಹತ್ತುವಾಗ ಲೆಕ್ಕ ಹಾಕಿದೆ. ಗುಂಡಿಯಿಲ್ಲದೆಯೂ ಒತ್ತಬಹುದೆಂದು ಹೇಳಿದರೆ ನಾಳೆ ಬೆಳಿಗ್ಗೆಯೇ ಗಟ್ಟಿ ಗಂಟಲಿನವರು ಮತ್ತೆ ಕುರ್ಚಿಯಲ್ಲಿರುತ್ತಾರೆ, ನಾನು ಬಾಗಿಲಲ್ಲಿರುತ್ತೇನೆ. ಹೇಳದಿದ್ದರೆ ಎದುರುಮನೆಯಾಕೆಯ ಪಿಂಚಣಿ ಅರ್ಜಿ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೆ ಬೇಕಾದ ಗುಂಡಿಯವರು ನಾಳೆ ನಸುಕಿಗೇ ಮಗಳ ಮನೆಗೆ ಹೊರಡುತ್ತಾರೆ, ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿಲ್ಲ. ಆ ಅರ್ಜಿಯನ್ನು ನಾನೇ ಗುಟ್ಟಾಗಿ ಕಳಿಸಬಹುದಲ್ಲ ಎನಿಸಿತು. ಹಾಗಾದರೆ ಯಾರದನ್ನು ಕಳಿಸಬೇಕು, ಯಾರದನ್ನು ಬಿಡಬೇಕು ಎಂದು ಯೋಚಿಸುವವಳೂ ನಾನೇ ಆಗುತ್ತೇನೆ ಎಂದು ಹೊಳೆದು ಕಾಲು ಅಲ್ಲೇ ನಿಂತಿತು.

ಆ ರಾತ್ರಿ ತಂಗಿ ಎರಡು ಸಲ ಬಡಿಸಿಕೊಂಡಳು.

"ಅಕ್ಕ, ನೀನ್ಯಾಕೆ ಉಣ್ತಿಲ್ಲ? ಬೆರಳಿಗೆ ಏನಾಯ್ತು, ಹಾಗೆ ಮಡಚ್ಕೊಂಡಿದೀಯಲ್ಲ?"

"ಏನಿಲ್ಲ. ನೀನು ಉಣ್ಣು," ಎಂದೆ. ಅವಳಿಗೂ ಹೇಳಬಾರದೆಂದು ಆಗಲೇ ತೀರ್ಮಾನಿಸಿದ್ದೆ.